ಹಾರ್ಮೋನಿಯಂ ಮೇಷ್ಟ್ರ ಕೂಲಿ



ಈ ಅಂಕಣದ ಹಳೆಯ ಓದುಗರೊಬ್ಬರು ನಂಜನಗೂಡಿನಿಂದ ಕಾಗದ ಬರೆದಿದ್ದಾರೆ. “ದುಂದುವೆಚ್ಚ ಬೇಡವೆಂದು ತಿಂಗಳು ತಿಂಗಳೂ ನಮಗೆ ಬುದ್ಧಿ ಹೇಳುವ ನೀವು, ಮಸಿನಗುಡಿಯಲ್ಲಿ ದುಡ್ಡು ಕೊಟ್ಟು ನಾಟಕ ಆಡಿಸಿದಿರೆಂದು ಕೇಳಿ ಆಶ್ಚರ್ಯವಾಯಿತು. ಅದು ವಿಕಥೆಯಲ್ಲವೇ?” ಎಂಬುದು ಅವರ ಪ್ರಶ್ನೆ. ಕಾಗದದಲ್ಲಿ ಸಿಟ್ಟಿಲ್ಲ, ಸಲಿಗೆಯಿದೆ. ಆದ್ದರಿಂದ ನಾವೂ ಮುಚ್ಚುಮರೆಯಿಲ್ಲದೆ ಉತ್ತರ ಬರೆಯುತ್ತಿದ್ದೇವೆ.

ವಿಕಥೆಯ ವಿಚಾರದಲ್ಲಿ ಅವರು ಹೇಳಿದ್ದು ಸರಿ. ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ಬಿಡಬೇಕಾದ ಮಾತುಗಳನ್ನು ಹೇಳುವಾಗ ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭಕ್ತಕಥೆ ಎಂದು ಎಣಿಸುತ್ತಾರೆ. ಭಕ್ತ ಎಂದರೆ ಅಲ್ಲಿ ಊಟ. ನಾವು ಆಡಿಸಿದ್ದು ‘ಸದಾರಮೆ’. ಅದರಲ್ಲಿ ಹೆಣ್ಣಿದ್ದಾಳೆ, ರಾಜನಿದ್ದಾನೆ, ಕಳ್ಳನಂತೂ ಇದ್ದೇ ಇದ್ದಾನೆ. ಊಟ ಒಂದು ಇರಲಿಲ್ಲ. ಅದನ್ನು ನಾವೇ ಹಾಕಿಸಿದೆವು. ಅಲ್ಲಿಗೆ ನಾಲ್ಕೂ ಭರ್ತಿಯಾಯಿತು! ಆ ಗಾಥೆ ಬರುವುದು ಮುನಿಗಳ ವಚನಗುಪ್ತಿಯ ಸಂದರ್ಭದಲ್ಲಿ, ಸಂಸಾರಿಗಳಾದ ನಮಗೆ ಅಷ್ಟು ಬಿಗಿಯಿಲ್ಲ ಎಂದು ವಾದ ಹೂಡಬಹುದು. ಆದರೆ ಹೂಡುವುದಿಲ್ಲ. ಏಕೆಂದರೆ ಆ ನಾಟಕದ ಸಂಬಂಧದಲ್ಲಿ ನಾವು ಮಾಡಿದ ತಪ್ಪು ಬೇರೆಯೇ ಇದೆ. ಓದುಗರು ಅದನ್ನು ಕೇಳಿಲ್ಲ, ನಾವೇ ಹೇಳಬೇಕಾಗಿದೆ.

ಮಸಿನಗುಡಿ ನೋಡದವರಿಗೆ ಎರಡು ಮಾತು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ತೆಪ್ಪಕಾಡಿನಲ್ಲಿ ಎಡಕ್ಕೆ ಹೊರಳಿದರೆ ನಮ್ಮ ಊರು. ಜಿಲ್ಲೆ ನೀಲಗಿರಿ, ರಾಜ್ಯ ತಮಿಳುನಾಡು. ಅಂಗಡಿಯ ಕಟ್ಟೆಯ ಮೇಲೆ ಕನ್ನಡ, ತಮಿಳು, ಮಲಯಾಳ ಮೂರೂ ನಡೆಯುತ್ತವೆ. ಇರುಳರು, ಕುರುಂಬರು ತಮ್ಮ ತಮ್ಮ ನುಡಿಯಲ್ಲಿ ಮಾತಾಡಿಕೊಂಡು ಬಂದು ನಮ್ಮ ಹತ್ತಿರ ಕನ್ನಡದಲ್ಲೋ ತಮಿಳಿನಲ್ಲೋ ಸಾಮಾನು ಕೇಳುತ್ತಾರೆ. ಇಲ್ಲಿಂದ ಊಟಿಗೆ ಹತ್ತಲು ಕಲ್ಹಟ್ಟಿ ಘಾಟಿಯ 36 ತಿರುವು. ಆನೆಗಳು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ದಾಟುವ ದಾರಿ ನಮ್ಮ ಸೀಗೂರು ಬಯಲು. 2018ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಇಲ್ಲಿನ ಹಲವು ರೆಸಾರ್ಟುಗಳಿಗೆ ಬೀಗ ಬಿತ್ತು, 2020ರಲ್ಲಿ ಆನೆದಾರಿಯ ಪರವಾಗಿಯೇ ತೀರ್ಪು ಬಂತು. ಆನೆಗೆ ಒಳ್ಳೆಯದಾಯಿತು, ಬೇಡವೆನ್ನುವವರು ನಾವಲ್ಲ. ಬಜಾರಿನ ವ್ಯಾಪಾರ ಮಾತ್ರ ಅಂದಿನಿಂದ ತೆಳ್ಳಗಾಯಿತು. ಇದನ್ನು ಹೇಳಿದ್ದು ಏಕೆಂದರೆ, ನಾಟಕದವರು ಬಂದು ಬಾಗಿಲಲ್ಲಿ ನಿಂತಾಗ ನಮ್ಮ ಮನಸ್ಸು ಕೂಡ ಗಲ್ಲಾಪೆಟ್ಟಿಗೆಯಷ್ಟೇ ಸಣ್ಣದಾಗಿತ್ತು.

ಅವರು ಬಂದದ್ದು ಹಿಂದಿನ ವರ್ಷದ ಮಾಘ ಮಾಸದಲ್ಲಿ. ಮೈಸೂರು ಕಡೆಯ ಒಂದು ಸಣ್ಣ ಕಂಪನಿ, ಹದಿನೈದು ಜನ, ಒಂದು ವ್ಯಾನು. ಹತ್ತಿರದ ಬೊಕ್ಕಾಪುರದ ಮಾರಿಯಮ್ಮನ ಜಾತ್ರೆಗೆ ಮುಂಚೆ ಊರಿಗೆ ಜನ ಸೇರುತ್ತಾರೆ, ಒಂದು ಆಟ ಕೊಡುತ್ತೇವೆ ಎಂದರು. ಬಜಾರಿನ ನಾವು ಏಳು ಮಂದಿ ವರ್ತಕರು ಕೂತೆವು. ಯಜಮಾನರು ಕೇಳಿದ್ದು 35,000 ರೂಪಾಯಿ. ಹದಿನೈದು ಜನರ ಕೂಲಿ, ಸೀನರಿ ಬಾಡಿಗೆ, ಬಟ್ಟೆ, ಬಣ್ಣ, ಡೀಸೆಲ್ ಎಲ್ಲ ಸೇರಿ ಅದು ಹೆಚ್ಚೇನೂ ಅಲ್ಲ. ನಮ್ಮಲ್ಲಿ ಮೂರು ಜೈನ ಮನೆಗಳಿದ್ದರೂ ಚೌಕಾಸಿಯಲ್ಲಿ ಏಳೂ ಜನ ಒಂದೇ ಮತದವರಾದೆವು.

ಮೊದಲು ನಾವು ಕೈ ಇಟ್ಟದ್ದು ಪಕ್ಕವಾದ್ಯದ ಮೇಲೆ. ಹಾರ್ಮೋನಿಯಂ, ತಬಲ, ತಾಳ ಎಂದು ಮೂವರಿಗೆ 6,000 ಎಂದು ಚೀಟಿಯಲ್ಲಿತ್ತು. “ಈಗ ಎಲ್ಲ ಹಾಡೂ ಟ್ರ್ಯಾಕಿನಲ್ಲೇ ಬರುತ್ತದಲ್ಲ, ಒಂದು ಪೆನ್‌ಡ್ರೈವ್ ಹಾಕಿದರೆ ಆಯಿತು” ಎಂದು ಹೇಳಿದವರು ಬೇರೆ ಯಾರೂ ಅಲ್ಲ, ನಾವೇ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಟ್ರ್ಯಾಕ್ ಇದೆ ಸಾಹುಕಾರ್ರೇ. ಆದರೆ ಅದು ಆಟ ಆಗಲ್ಲ” ಎಂದರು. ನಾವು 29,000ಕ್ಕೆ ಮುಗಿಸಿ ಎಂದೆವು. ಅವರು ಮುಗಿಸಿದರು.

ಎರಡನೆಯ ಬೇಡಿಕೆ ಇನ್ನೂ ನಾಚಿಕೆಗೇಡು. ಸದಾರಮೆಯ ಕಥೆ ಗೊತ್ತಿಲ್ಲದ ಕಿರಿಯರಿಗಾಗಿ ಹೇಳುತ್ತೇವೆ. ಸದಾರಮೆ ಒಬ್ಬ ವರ್ತಕನ ಮಗಳು. ರಾಜಕುಮಾರ ಅವಳನ್ನು ದೇವಸ್ಥಾನದಲ್ಲಿ ಕಂಡು ಮದುವೆಯಾಗಬೇಕೆನ್ನುತ್ತಾನೆ. ಅರಮನೆಯಿಂದ ಹೆಣ್ಣು ಕೇಳಲು ಬಂದರೆ, ವರ್ತಕನೂ ಅವನ ಮಗನೂ ಸೇರಿ ಹೆಣ್ಣಿನ ಬದಲಿಗೆ ರಾಜ್ಯವನ್ನೇ ಕೇಳುತ್ತಾರೆ. ರಾಜ ಕೊಟ್ಟೂಬಿಡುತ್ತಾನೆ. ಮುಂದೆ ಗಂಡ ಹೆಂಡತಿ ಬರಿಗೈಯಲ್ಲಿ ಪರಊರಿಗೆ ಹೋಗುವುದು, ಅವಳು ಹೊಲಿದ ಕಸೂತಿಯನ್ನು ಅವನು ಮಾರುವುದು, ಅವಳು ಕಳ್ಳನ ಕೈಗೆ ಸಿಕ್ಕಿ ಉಪಾಯದಿಂದ ಪಾರಾಗಿ ಗಂಡುವೇಷ ತೊಡುವುದು, ಕೊನೆಗೆ ಎಲ್ಲರೂ ಒಂದಾಗುವುದು. ಹೀಗೆ ಅತ್ಯಾಶೆಯ ಶೆಟ್ಟಿ, ಅವನಿಗಿಂತ ಒಂದು ಕೈ ಮಿಗಿಲಾದ ಮಗ, ಇವರಿಬ್ಬರಿಂದಲೇ ಕಥೆ ಕಾಲು ಎತ್ತುತ್ತದೆ. ನಮ್ಮ ಪೈಕಿ ಒಬ್ಬರಿಗೆ ಇದು ಸರಿಬರಲಿಲ್ಲ. “ನಮ್ಮ ದುಡ್ಡಿನಲ್ಲಿ ನಮ್ಮನ್ನೇ ಹಂಗಿಸಬೇಕೇ? ಆ ಪ್ರವೇಶ ತೆಗೆಸಿ” ಎಂದರು. ಯಜಮಾನರು ನಕ್ಕು, “ಶೆಟ್ಟಿ ಬೇಡ ಅಂದ್ರೆ ಸದಾರಮೆ ಹುಟ್ಟೋದು ಎಲ್ಲಿ ಸ್ವಾಮಿ?” ಎಂದು ಕೇಳಿದರು. ಕೊನೆಗೆ ‘ಶೆಟ್ಟಿ’ ಎನ್ನದೆ ‘ಸಾಹುಕಾರ’ ಎನ್ನುವುದೆಂದು ರಾಜಿಯಾಯಿತು. ಹೆಸರು ಬದಲಾದರೆ ತೂಕ ಬದಲಾಗುತ್ತದೆಯೇ?

ಈ ನಾಟಕಕ್ಕೆ ದೊಡ್ಡ ಚರಿತ್ರೆಯಿದೆ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ (1891-1972) ಕೈಯಲ್ಲಿ ಕನ್ನಡದ ಅತಿ ದೊಡ್ಡ ಕಂಪನಿಯಾಯಿತು. ವೀರಣ್ಣನವರು ಎಳೆಯ ಹುಡುಗನಾಗಿಯೇ ಕಂಪನಿಗೆ ಸೇರಿ ಅದರ ಒಡೆಯರಾದವರು. 1930ರ ದಶಕದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದರು. (ನಮ್ಮ ಊರಿನಲ್ಲಿ ಆನೆ ತಾನಾಗಿಯೇ ರಂಗಕ್ಕೆ ಬರುತ್ತದೆ, ಅದನ್ನು ತಡೆಯುವುದೇ ಕಷ್ಟ.) ಆದರೆ ಹಳಬರು ಇಂದಿಗೂ ನೆನೆಯುವುದು ಆ ಆನೆಗಳನ್ನಲ್ಲ, ಸದಾರಮೆಯಲ್ಲಿ ವೀರಣ್ಣನವರು ಮಾಡುತ್ತಿದ್ದ ಕಳ್ಳನ ಪಾತ್ರವನ್ನು. 1935ರಲ್ಲಿ ಸದಾರಮೆ ಕನ್ನಡದಲ್ಲಿ ಸಿನಿಮಾ ಆಯಿತು, ವೀರಣ್ಣನವರೇ ನಟಿಸಿದರು. ಅದೇ ವರ್ಷ ತಮಿಳಿನಲ್ಲಿಯೂ ‘ನವೀನ ಸದಾರಮೆ’ ಎಂದು ಬಂತು. ಹಾಗಾಗಿ ನಮ್ಮ ಊರಿನ ತಮಿಳು ಮಾತಿನ ಮುದುಕರಿಗೂ ಈ ಹೆಸರು ಹೊಸದಲ್ಲ.

ನಮ್ಮ ಮೋಯಾರ್ ಕಣಿವೆಯ ಆಚೆ, ತಾಳವಾಡಿ ಸೀಮೆಯ ಗಾಜನೂರು ಇದೆಯಲ್ಲ, ಅದೂ ಇಂದು ನಮ್ಮ ಊರಿನಂತೆ ತಮಿಳುನಾಡಿಗೆ ಸೇರಿದ ಕನ್ನಡದ ಹಳ್ಳಿಯೇ. ಅಲ್ಲಿನ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ಅವರ ಮಗ ಮುತ್ತುರಾಜ ಅದೇ ಕಂಪನಿಯಲ್ಲಿ ಬೆಳೆದು 1954ರಲ್ಲಿ ‘ಬೇಡರ ಕಣ್ಣಪ್ಪ’ ಸಿನಿಮಾದಿಂದ ರಾಜಕುಮಾರ್ ಆದರು. ಬಿ. ವಿ. ಕಾರಂತರೂ ಹುಡುಗನಾಗಿ ಗುಬ್ಬಿ ಕಂಪನಿಗೆ ಓಡಿ ಬಂದವರೇ. ಮುಂದೆ 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು, ರಂಗಸಂಗೀತಕ್ಕೆ ಹೊಸ ಜೀವ ಕೊಟ್ಟರು.

ಆ ಕಾಲದಲ್ಲಿ ಆಟ ರಾತ್ರಿ ಒಂಬತ್ತೂವರೆಗೆ ಮೊದಲಾದರೆ ಕೋಳಿ ಕೂಗುವವರೆಗೆ. ಮೂರನೆಯ ಬೆಲ್ ಆದ ಮೇಲೆ ನಾಂದಿ. ರಂಗದ ಮುಂದೆ ತಗ್ಗಿನಲ್ಲಿ ಕಾಲಿನಿಂದ ಒತ್ತುವ ಹಾರ್ಮೋನಿಯಂ, ಪಕ್ಕದಲ್ಲಿ ತಬಲ, ಒಳ್ಳೆಯ ಕಂಪನಿಯಾದರೆ ಪಿಟೀಲು, ಕ್ಲಾರಿಯೋನೆಟ್. ನೂರು ಹಾಡಿದ್ದರೂ ಜನ ‘ಒನ್ಸ್ ಮೋರ್’ ಕೂಗಿ ನೂರಿಪ್ಪತ್ತು ಮಾಡಿಸುತ್ತಿದ್ದರು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಈಗ ಅಷ್ಟು ಹೊತ್ತು ಯಾರಿಗೂ ಇಲ್ಲ. ನಮ್ಮಲ್ಲಿ ಆಗುವುದೂ ಇಲ್ಲ. ಹತ್ತು ಗಂಟೆಯ ಮೇಲೆ ಮೈಕು ಹಾಕುವಂತಿಲ್ಲ, ಕತ್ತಲಾದ ಮೇಲೆ ಜನ ಗುಂಪು ಕಟ್ಟಿಕೊಂಡೇ ಮನೆಗೆ ಹೋಗಬೇಕು. ಬಂಡೀಪುರದ ರಸ್ತೆಯೋ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತದೆ. ಆದ್ದರಿಂದ ಆರೂವರೆಗೆ ಆರಂಭ, ಒಂಬತ್ತೂವರೆಗೆ ಮಂಗಳ, ಕಂಪನಿಯವರು ರಾತ್ರಿ ನಮ್ಮ ಗೋಡೌನಿನಲ್ಲಿ ಮಲಗಿ ಬೆಳಿಗ್ಗೆ ಗೇಟು ತೆರೆದ ಮೇಲೆ ಹೊರಡುವುದು ಎಂದು ಏರ್ಪಾಡಾಯಿತು.

ಊಟ ನಮ್ಮ ಮನೆಯಲ್ಲಿ. ಸೂರ್ಯ ಮುಳುಗುವ ಮೊದಲು ಆಗಬೇಕೆಂದು ಐದು ಗಂಟೆಗೇ ಎಲೆ ಹಾಕಿಸಿದೆವು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಹುಳಿ, ಹೆಸರುಬೇಳೆ ಕೋಸಂಬರಿ, ಗಸಗಸೆ ಪಾಯಸ. ಬಣ್ಣ ಹಚ್ಚುವ ಮೊದಲು ಹೊಟ್ಟೆ ತುಂಬ ಉಂಡರೆ ಹಾಡು ಮೇಲೇಳುವುದಿಲ್ಲವೆಂದು ಕೆಲವರು ಅರ್ಧ ಎಲೆಗೇ ಎದ್ದರು. ಅತಿಥಿಗಳ ಮೇಲೆ ನಮ್ಮ ನಿಯಮ ಹೇರಬಾರದೆಂದು ಸೊಸೆ ರಾತ್ರಿಗೆ ಹಾಲು, ಬಾಳೆಹಣ್ಣು ತೆಗೆದಿರಿಸಿದಳು.

ಎಲೆ ಎಣಿಸಿದ್ದು ಹನ್ನೆರಡು, ಕೂತವರು ಹದಿಮೂರು. ಕೊನೆಯಲ್ಲಿ ಕೂತವರು ಅರವತ್ತೆಂಟು ಎಪ್ಪತ್ತರ ಪ್ರಾಯದ, ಬಿಳಿ ಜುಬ್ಬದ, ಬೆರಳುಗಳು ಮಾತ್ರ ಹುಡುಗರಂತಿದ್ದ ಒಬ್ಬರು. ಇನ್ನೊಂದು ಎಲೆ ಹಾಕಿಸುತ್ತ “ನಿಮ್ಮದು ಯಾವ ಪಾರ್ಟು?” ಎಂದು ಕೇಳಿದೆವು. “ನಂದು ಪಾರ್ಟಿಲ್ಲ ಯಜಮಾನ್ರೇ. ನಾನು ಹಾರ್ಮೋನಿಯಂನೋನು. ಈ ಸಲ ಪೆಟ್ಟಿಗೆ ಬೇಡ ಅಂದ್ರಂತೆ, ಪರದೆ ಎಳೆಯೋಕೆ ಬಂದಿದ್ದೀನಿ” ಎಂದರು. ದೂರಿನ ದನಿಯಲ್ಲ. ಮಳೆ ಬರಲಿಲ್ಲ ಎಂದು ಹೇಳುವ ರೈತನ ದನಿ. ತಬಲದವರೂ ತಾಳದವರೂ ಕೂಲಿಯಿಲ್ಲದ ಮೇಲೆ ಬಂದು ಏನು ಮಾಡುವುದೆಂದು ಊರಿನಲ್ಲೇ ಉಳಿದರಂತೆ. ಇವರು ಮಾತ್ರ ಮನೆಯಲ್ಲಿ ಕೂತರೆ ದಿನ ಹೋಗುವುದಿಲ್ಲವೆಂದು ಪರದೆಯ ಕೂಲಿ 400 ರೂಪಾಯಿಗೆ ವ್ಯಾನು ಹತ್ತಿದ್ದರು. ಬೇಡವೆಂದವರು ಬಡಿಸುತ್ತ ನಿಂತಿರುವ ನಾವೇ ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ, ನಾವು ಹೇಳಲಿಲ್ಲ. ಪಾಯಸ ಇನ್ನೊಂದು ಸೌಟು ಬಡಿಸಿದೆವು, ಅಷ್ಟೇ. ನಾಲಿಗೆ ಏಳಲಿಲ್ಲ.

ಆಟ ಆರಂಭವಾಯಿತು. ಶಾಲೆಯ ಬಯಲು ತುಂಬಿತ್ತು. ಮುಂದಿನ ಕುರ್ಚಿಗಳಲ್ಲಿ ದುಡ್ಡು ಕೊಟ್ಟ ನಾವು, ಹಿಂದೆ ಬೆಂಚು, ನೆಲದ ಮೇಲೆ ಹೆಂಗಸರು ಮಕ್ಕಳು. ನಾಂದಿಯೇ ಟ್ರ್ಯಾಕಿನಲ್ಲಿ ಬಂತು. ಕೇಳಲು ಚೆನ್ನಾಗಿತ್ತು, ಹತ್ತು ವಾದ್ಯ ಒಟ್ಟಿಗೆ ನುಡಿದವು. 6,000 ಉಳಿಸಿದ್ದು ಜಾಣತನವೆಂದು ಪಕ್ಕದವರು ನಮ್ಮ ತೊಡೆ ತಟ್ಟಿದರು.

ಸದಾರಮೆಯ ಪಾತ್ರದ ಹೆಂಗಸಿಗೆ ಐವತ್ತು ದಾಟಿದೆ. ಕಂಠ ಒಳ್ಳೆಯದೇ, ಆದರೆ ಟ್ರ್ಯಾಕು ಯಾರೋ ಎಳೆಯ ಹುಡುಗಿಯ ಶ್ರುತಿಗೆ ಮಾಡಿಸಿದ್ದು. ಎತ್ತುಗಡೆಯಲ್ಲಿ ಆಕೆ ಒಂದು ಉಸಿರು ತಡವಾದಳು. ಟ್ರ್ಯಾಕು ಕಾಯಲಿಲ್ಲ. ಆಕೆ ಅದರ ಹಿಂದೆ ಓಡಿದಳು, ಬಸ್ಸು ತಪ್ಪಿದವರು ಓಡುವ ಹಾಗೆ. ಹಿಂದಿನ ಸಾಲಿನಲ್ಲಿ ಹುಡುಗರು ಶಿಳ್ಳೆ ಹಾಕಿದರು. ಮುಂದೆ ರಾಜನ ಪ್ರವೇಶ. ರಾಜನ ಪಾತ್ರದವರು ನಲವತ್ತು ವರ್ಷ ಬಣ್ಣ ಹಚ್ಚಿದವರು, ಒಂದು ಕಂದಪದ್ಯ ಎತ್ತಿಕೊಂಡರು.

ಇಲ್ಲಿ ಕಂದದ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಪಂಪ, ಪೊನ್ನ, ರನ್ನರು ಹೆಚ್ಚಾಗಿ ಬಳಸಿದ್ದೇ ಕಂದವನ್ನು. ರನ್ನನು ಮುಧೋಳದ ಬಳೆಗಾರರ ಮನೆಯ ಹುಡುಗ, ಅಂದರೆ ನಮ್ಮಂತೆ ವ್ಯಾಪಾರದ ಕುಲದವನು. ಆ ಕಂದ ಸಾವಿರ ವರ್ಷ ದಾಟಿ ಕಂಪನಿ ನಾಟಕದಲ್ಲಿ ಬಂದು ಕೂತಿತು. ರಂಗದ ಮೇಲೆ ಕಂದವನ್ನು ತಾಳಕ್ಕೆ ಹಾಡುವುದಿಲ್ಲ. ನಟನು ತನ್ನ ಉಸಿರಿದ್ದಷ್ಟು ಎಳೆಯುತ್ತಾನೆ, ಬೇಕಾದಲ್ಲಿ ನಿಲ್ಲುತ್ತಾನೆ, ಒಂದು ಮಾತನ್ನು ಎರಡು ಸಲ ಆಡುತ್ತಾನೆ, ನಡುವೆ ಆಲಾಪಕ್ಕೆ ಹೋಗಿ ಬರುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಅವನ ಬಾಯಿಯನ್ನೇ ನೋಡುತ್ತ ಹಿಂದೆ ಹಿಂದೆ ಬರುತ್ತಾರೆ. ಅವನು ಉಸಿರೆಳೆದಾಗ ಆ ತೆರವನ್ನು ಸ್ವರದಿಂದ ತುಂಬುತ್ತಾರೆ, ಮಾತು ಮರೆತರೆ ಅದೇ ಸಾಲನ್ನು ಇನ್ನೊಂದು ಸುತ್ತು ನುಡಿಸಿ ನೆನಪಿಗೆ ಸಮಯ ಕೊಡುತ್ತಾರೆ, ಕಂಠ ಏರದಿದ್ದರೆ ಅರ್ಧ ಮನೆ ಇಳಿಸಿಕೊಳ್ಳುತ್ತಾರೆ. ಜನಕ್ಕೆ ಇದೊಂದೂ ತಿಳಿಯುವುದಿಲ್ಲ. ರಾಜ ಚೆನ್ನಾಗಿ ಹಾಡಿದ ಎನ್ನುತ್ತಾರೆ.

ಟ್ರ್ಯಾಕಿನಲ್ಲಿ ಇದು ಹೇಗಾದೀತು? ರಾಜರು ಎರಡನೆಯ ಸಾಲಿನಲ್ಲಿ ಉಸಿರಿಗೆ ನಿಂತರು. ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ಪಿಟೀಲುಗಳು ಅವರ ಮೇಲೆ ಬಿದ್ದವು. ಮತ್ತೆ ಎತ್ತಿಕೊಂಡರು, ಮತ್ತೆ ಬಿದ್ದವು. ಮೂರನೆಯ ಸಲ ಅವರು ಹಾಡು ಬಿಟ್ಟು, ಕಿರೀಟದ ತಲೆಯನ್ನು ಬಗ್ಗಿಸಿ, ಜನಕ್ಕೆ ಕೈ ಮುಗಿದುಬಿಟ್ಟರು. ಬಯಲೆಲ್ಲ ನಗು. ಆ ವಯಸ್ಸಿನ ಮನುಷ್ಯ, ರಾಜನ ವೇಷದಲ್ಲಿ, ಮೊಬೈಲ್ ಹಿಡಿದ ಹುಡುಗನ ಕಡೆ ತಿರುಗಿ “ನಿಲ್ಸಪ್ಪ” ಎಂದು ಬೇಡಿಕೊಂಡದ್ದನ್ನು ನಾವು ಮೊದಲ ಸಾಲಿನಿಂದ ನೋಡಿದೆವು.

ಆಮೇಲೆ ಸಾಹುಕಾರನ ಪ್ರವೇಶ. ತಕ್ಕಡಿ ಹಿಡಿದುಕೊಂಡೇ ಬಂದ. ಹೆಣ್ಣಿಗೆ ಬೆಲೆ ಕಟ್ಟಿ, ರಾಜ್ಯ ಕೇಳಿ, ಅದರ ಮೇಲೆ ಕಿರೀಟಕ್ಕೆ ಬೇರೆ ಲೆಕ್ಕ ಕೇಳುವ ಅಪ್ಪ ಮಗನನ್ನು ನೋಡಿ ಜನ ಬಿದ್ದು ಬಿದ್ದು ನಕ್ಕರು. ‘ಶೆಟ್ಟಿ’ ಎಂಬ ಮಾತು ಬರಲಿಲ್ಲ, ಒಪ್ಪಂದ ಪಾಲಿಸಿದರು. ನಮಗೆ ಮಾತ್ರ ಕುರ್ಚಿಯಲ್ಲಿ ಕೂತಿರಲಾಗಲಿಲ್ಲ. ಆದಿಪುರಾಣದ ನೀಲಾಂಜನೆಯ ಪ್ರಸಂಗ ನೆನಪಾಯಿತು. ವೃಷಭದೇವನ ಒಡ್ಡೋಲಗದಲ್ಲಿ ಕುಣಿಯುತ್ತ ಕುಣಿಯುತ್ತಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲೇ ಅವಳಂಥ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ಸ್ವಾಮಿಗೆ ಗೊತ್ತಾಗುತ್ತದೆ. ಇಂದ್ರನಾದರೋ ಬದಲಿಯನ್ನು ಸರಿಯಾಗಿ ನಿಲ್ಲಿಸಿದ. 6,000 ರೂಪಾಯಿ ಉಳಿಸಲು ಹೊರಟ ನಮ್ಮ ಬದಲಿ ಮಸಿನಗುಡಿಯ ಶಾಲೆಮಕ್ಕಳಿಗೂ ಗೊತ್ತಾಗಿಹೋಯಿತು. ಅದೂ ಜೀವಂತ ಮನುಷ್ಯ ಪರದೆಯ ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿರುವಾಗ.

ವಿರಾಮ ಬೇಗ ಕೊಟ್ಟರು. ನಾವು ಒಳಗೆ ಹೋದೆವು. ರಾಜರು ಕಿರೀಟ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ನಾವು ಮೇಷ್ಟ್ರ ಹತ್ತಿರ ಹೋಗಿ, “ಪಕ್ಕವಾದ್ಯ ಬೇಡವೆಂದು ಹೇಳಿದ್ದು ನಾವೇ” ಎಂದೆವು. ಅವರು, “ಗೊತ್ತು ಯಜಮಾನ್ರೇ” ಎಂದರು. “ಈಗ ಒಂದು ಪೆಟ್ಟಿಗೆ ತರಿಸಿದರೆ ನುಡಿಸುತ್ತೀರಾ?” ಎಂದು ಕೇಳಿದೆವು. ಮನೆಯಲ್ಲಿ ಸೊಸೆ ಜಿನಸ್ತುತಿಗೆಂದು ಇಟ್ಟುಕೊಂಡಿರುವ ಕೈಪೆಟ್ಟಿಗೆ ಇತ್ತು. ಮೊಮ್ಮಗ ಸ್ಕೂಟರಿನಲ್ಲಿ ಹೋಗಿ ತಂದ. ಮೇಷ್ಟ್ರು ಚಪ್ಪಲಿ ಬಿಟ್ಟು, ಅಂಗಡಿಯಿಂದ ತಂದಿದ್ದ ಅಕ್ಕಿ ಮೂಟೆಯ ಮೇಲೆ ಕೂತು, ಪೆಟ್ಟಿಗೆಗೆ ಕೈ ಮುಗಿದು, ಮನೆಗಳ ಮೇಲೆ ಒಂದು ಸಲ ಬೆರಳಾಡಿಸಿ, “ಮಧ್ಯಮದ ರೀಡು ಕೂತಿದೆ, ಪರವಾಗಿಲ್ಲ, ತಪ್ಪಿಸಿಕೊಂಡು ಹೋಗ್ತೀನಿ” ಎಂದರು. ಪರದೆ ಎಳೆಯುವ ಕೆಲಸ ನಮ್ಮ ಮೊಮ್ಮಗನ ಪಾಲಿಗೆ ಬಂತು.

ವಿರಾಮದ ಮೇಲೆ ಮೊದಲು ಬಂದದ್ದು ಕಥೆಯ ಮುಂದಿನ ಭಾಗವಲ್ಲ. ರಾಜರು ಮತ್ತೆ ಬಂದು ನಿಂತರು. ಅದೇ ಕಂದ. ಯಾರೂ ‘ಒನ್ಸ್ ಮೋರ್’ ಕೂಗಿರಲಿಲ್ಲ. ಮೇಷ್ಟ್ರು ಶ್ರುತಿ ಕೊಟ್ಟರು, ರಾಜರು ತಲೆ ಅಲ್ಲಾಡಿಸಿದರು, ಅರ್ಧ ಮನೆ ಇಳಿಯಿತು. ಆಮೇಲೆ ಅವರು ಹಾಡಿದ್ದನ್ನು ಬರೆದು ತೋರಿಸುವ ಶಕ್ತಿ ನಮ್ಮಂಥ ಮೆಟ್ರಿಕ್ ಓದಿದ ವ್ಯಾಪಾರಿಗೆ ಇಲ್ಲ. ಒಂದು ಕಡೆ ಉಸಿರು ಸಾಲದೆ ನಿಂತರು. ಪೆಟ್ಟಿಗೆಯೂ ಅವರೊಂದಿಗೆ ನಿಂತಿತು. ಶಿಳ್ಳೆ ಹಾಕಿದ ಹುಡುಗರೂ ಸುಮ್ಮನಿದ್ದರು. ಮತ್ತೆ ಎರಡೂ ಕೂಡಿಯೇ ಎದ್ದವು. ತಬಲ ಇರಲಿಲ್ಲವಾಗಿ ಕಳ್ಳನ ಕುಣಿತಕ್ಕೆ ಮೇಷ್ಟ್ರು ಕಾಲಿನಿಂದ ಹಲಗೆ ತಟ್ಟಿದರು, ನೆಲದ ಮೇಲಿದ್ದ ಹೆಂಗಸರು ಚಪ್ಪಾಳೆ ಕೊಟ್ಟರು. ಒಂಬತ್ತು ಮುಕ್ಕಾಲಿಗೆ ಮಂಗಳ.

ರಾತ್ರಿ ಗೋಡೌನಿನಲ್ಲಿ ಮೇಷ್ಟ್ರು ಹಾಲು ಕುಡಿಯುತ್ತಿರುವಾಗ ನಾವು ಒಂದು ಹಳೆಯ ಸಂಶಯ ಕೇಳಿದೆವು. ತಬಲ, ಮೃದಂಗಕ್ಕೆ ಚರ್ಮ ಬೇಕು. ಅಹಿಂಸೆಯ ವ್ರತದವರು ದುಡ್ಡು ಕೊಟ್ಟು ಅದನ್ನು ನುಡಿಸಬಹುದೇ? ಪಕ್ಕವಾದ್ಯ ಕತ್ತರಿಸುವಾಗ ಈ ಕಾರಣವನ್ನೂ ನಮ್ಮೊಳಗೆ ನಾವು ಹೇಳಿಕೊಂಡಿದ್ದೆವು, ಒಪ್ಪಿಕೊಳ್ಳುತ್ತೇವೆ. ಅವರು, “ನಿಮ್ಮ ಬಸದಿಯಲ್ಲಿ ನಗಾರಿ ಇಲ್ವೇ ಯಜಮಾನ್ರೇ?” ಎಂದು ಮಾತ್ರ ಕೇಳಿದರು. ಇದೆ. ಈಗ ಸಿಂಥೆಟಿಕ್ ಹೊದಿಕೆಯ ತಬಲ, ಮೃದಂಗಗಳೂ ಬಂದಿವೆ, ನಾದ ಅಷ್ಟು ಕೂಡುವುದಿಲ್ಲವಂತೆ. ಮುನಿಗಳು, ಪಂಡಿತರು ಈ ವಿಚಾರದಲ್ಲಿ ಏನು ಹೇಳುತ್ತಾರೋ ಓದುಗರು ಬರೆದು ತಿಳಿಸಬೇಕು. ನಮಗೆ ತಿಳಿದದ್ದು ಇಷ್ಟೇ: ಆ ದಿನ ನಮ್ಮ ಚೌಕಾಸಿಗೂ ಅಹಿಂಸೆಗೂ ಯಾವ ಸಂಬಂಧವೂ ಇರಲಿಲ್ಲ.

ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಮೇಷ್ಟ್ರು ನಮ್ಮ ಪೆಟ್ಟಿಗೆಯ ಮೇಲಿನ ಹಲಗೆ ಬಿಚ್ಚಿ, ಮಧ್ಯಮದ ರೀಡನ್ನು ಬ್ಲೇಡಿನಿಂದ ನಯವಾಗಿ ಕೆರೆದು ಊದಿ ನೋಡುತ್ತಿದ್ದರು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ ಎಂದು ಸೊಸೆಗೆ ತೋರಿಸಿಕೊಟ್ಟರು. ನಾವು 2,000 ರೂಪಾಯಿ ಕವರಿನಲ್ಲಿಟ್ಟು ಕೊಟ್ಟೆವು. ನಾಟಕದಲ್ಲಾದರೆ ಇಂಥ ಕಡೆ ಬೇಡವೆನ್ನುತ್ತಾರೆ. ಅವರು ತೆಗೆದುಕೊಂಡು, ಎಣಿಸಿ, “ಇದು ನಂದಾಯ್ತು. ತಬಲದೋರು, ತಾಳದೋರು ಇಬ್ರೂ ಆ ದಿನಕ್ಕೆ ಬೇರೆ ಕಡೆ ಒಪ್ಕೊಂಡಿರ್ಲಿಲ್ಲ” ಎಂದರು. ಅವರಿಬ್ಬರ 4,000 ಯಜಮಾನರ ಕೈಯಲ್ಲಿ ಕೊಟ್ಟು ಕಳಿಸಿದೆವು. ಹೀಗೆ 6,000 ಬಿಟ್ಟ ಜಾಗದಲ್ಲಿ 6,000 ಬಂತು, ಅರ್ಧ ನಾಟಕ ಮಾತ್ರ ನಷ್ಟ. ಬಜಾರಿನ ಉಳಿದ ಆರು ಮಂದಿಯ ಹತ್ತಿರ ಇದರ ಪಾಲು ಕೇಳಲಿಲ್ಲ.

ಸಣ್ಣ ಕಂಪನಿಗಳು ಬದುಕುವುದು ಹೀಗೆಯೇ, ಯಾರೋ ಒಬ್ಬರು ಒಂದು ರಾತ್ರಿಯ ಖರ್ಚು ಹೊತ್ತುಕೊಳ್ಳುವುದರಿಂದ. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ ಎಂದು ನಾಟಕಗಳನ್ನು ಊರೂರಿಗೆ ಒಯ್ಯುತ್ತ ಬಂದಿದೆ. ಅದನ್ನು ಕಟ್ಟಿದ ಕೆ. ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅಲ್ಲಿಯೂ ಕರೆಸಿಕೊಳ್ಳುವ ಊರಿನವರಿಲ್ಲದೆ ತಿರುಗಾಟವಿಲ್ಲ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಒಂದೊಂದು ಓಲೆಗೂ ಕೂತು ಬರೆದವನೊಬ್ಬನಿದ್ದನಲ್ಲ. ಅವನ ಕೂಲಿಯಲ್ಲಿ ಆಕೆ ಚೌಕಾಸಿ ಮಾಡಿದ್ದಳೆಂದು ಯಾರೂ ಹೇಳಿಲ್ಲ.

ಈ ವರ್ಷ ಅದೇ ಕಂಪನಿಯನ್ನು ನಾವೇ ಫೋನು ಮಾಡಿ ಕರೆಸಿದೆವು. ಚೀಟಿಯಲ್ಲಿ ಮೊದಲ ಸಾಲು ‘ಪಕ್ಕವಾದ್ಯ ಮೂವರಿಗೆ 7,500’, ಉಳಿದದ್ದೆಲ್ಲ ಅದರ ಕೆಳಗೆ. ನಂಜನಗೂಡಿನ ಓದುಗರು ಕೇಳಿದ್ದು ಈ ಆಟದ ಸುದ್ದಿಯನ್ನೇ ಇರಬೇಕು. ಮೇಷ್ಟ್ರು ತಮ್ಮ ಕಾಲುಪೆಟ್ಟಿಗೆಯನ್ನೇ ವ್ಯಾನಿನ ಮೇಲೆ ಕಟ್ಟಿಕೊಂಡು ತಂದರು. ತಬಲದವರು ಎಲೆಯ ಮುಂದೆ ಕೂತು ನಮ್ಮ ಪಾಯಸ ಎರಡು ಸಲ ಹಾಕಿಸಿಕೊಂಡರು. ಹೆಸರಿನ ತಕರಾರೂ ಬಿಟ್ಟೆವು, ಸಾಹುಕಾರ ಮತ್ತೆ ಶೆಟ್ಟಿಯಾದ. ರಾಜರ ಕಂದಕ್ಕೆ ಒನ್ಸ್ ಮೋರ್ ಬಿತ್ತು, ಕಳ್ಳನಿಗೆ ಎರಡು ಸಲ ಬಿತ್ತು. ಹೆಣ್ಣಿನ ಬೆಲೆ ಕಟ್ಟುವ ಪ್ರವೇಶದಲ್ಲಿ, ರಾಜ ತನ್ನ ಆನೆ, ಕುದುರೆ, ಕೋಟೆ, ಬೊಕ್ಕಸಗಳನ್ನೆಲ್ಲ ಒಂದೊಂದಾಗಿ ಲೆಕ್ಕ ಒಪ್ಪಿಸಿದ ಮೇಲೆ, ಶೆಟ್ಟಿಯ ಮಗ ತಕ್ಕಡಿ ಕೆಳಗಿಟ್ಟು, ಮೇಳದ ಕಡೆ ಬೆರಳು ತೋರಿಸಿ, ಪುಸ್ತಕದಲ್ಲಿಲ್ಲದ ಒಂದು ಮಾತು ಕೇಳಿದ: “ಈ ಪೆಟ್ಟಿಗೆಯವರನ್ನ ಬಿಟ್ಟರೆ ಎಷ್ಟು ಕಮ್ಮಿಯಾಗುತ್ತೆ?”

ಬಯಲಿಗೆ ಬಯಲೇ ಮೊದಲ ಸಾಲಿನ ಕಡೆ ತಿರುಗಿ ನಕ್ಕಿತು. ಮೇಷ್ಟ್ರು ಪೆಟ್ಟಿಗೆಯ ಮೇಲಿನ ಕೈ ತೆಗೆದು, ನಾವು ನಗುತ್ತೇವೋ ಇಲ್ಲವೋ ಎಂದು ಕತ್ತು ಬಗ್ಗಿಸಿ ನೋಡುತ್ತಿದ್ದರು. ನಾವೂ ನಕ್ಕೆವು. ಆಮೇಲೆ ಅವರು ಮುಂದಿನ ಹಾಡಿಗೆ ಶ್ರುತಿ ಹಿಡಿದರು.